ಒಂಟೆ ಏಕೆ ಮೊದಲು ಹೊರಬಂತು?

ಬಾಯಿಪಾಠ ಎಂಬ ಮಾತಿಗೆ ನಮ್ಮ ಬಿ.ಇಡಿ. ತರಗತಿಗಳಲ್ಲಿ ಒಳ್ಳೆಯ ಹೆಸರಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಐದು ಮಾರ್ಗದರ್ಶಿ ತತ್ವಗಳಲ್ಲಿ ಕಲಿಕೆಯನ್ನು ಕಂಠಪಾಠದ ಕ್ರಮದಿಂದ ದೂರ ಒಯ್ಯುವುದೂ ಒಂದು. ಅದನ್ನು ನಾವೆಲ್ಲರೂ ಪರೀಕ್ಷೆಯಲ್ಲಿ ಬರೆದಿದ್ದೇವೆ. ವಿಚಿತ್ರವೆಂದರೆ ಹಾಗೆ ಬರೆಯಲು ಆ ಐದು ತತ್ವಗಳನ್ನು ಬಾಯಿಪಾಠವೇ ಮಾಡಿದ್ದೆವು. ಮಗ್ಗಿ ಬಾರದ ಮಗುವಿಗೆ ಭಾಗಾಕಾರ ಕಲಿಸಲು ಹೊರಟ ಯಾರಿಗಾದರೂ ಗೊತ್ತು, ನೆನಪೇ ಇಲ್ಲದ ಕಡೆ ತಿಳಿವಳಿಕೆ ಊರಿಕೊಳ್ಳಲು ನೆಲವಿರುವುದಿಲ್ಲ. ಹಾಗಾದರೆ ಯಾವುದನ್ನು ನೆನಪಿಡಿಸಬೇಕು, ಹೇಗೆ ಇಡಿಸಬೇಕು, ಎಲ್ಲಿ ನಿಲ್ಲಿಸಬೇಕು? ಈ ಪ್ರಶ್ನೆಗೆ ನನಗೆ ಅಷ್ಟಿಷ್ಟು ಉತ್ತರ ಸಿಕ್ಕಿದ್ದು ಚದುರಂಗದಿಂದ, ಅದರಲ್ಲೂ ಆಟದ ಆರಂಭದ ನಡೆಗಳನ್ನು ನೆನಪಿಡಿಸುವ ತಂತ್ರಾಂಶದಿಂದ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಅದನ್ನು ಒಬ್ಬ ವಿದ್ಯಾರ್ಥಿಯ ಮೂಲಕ ಹೊಸದಾಗಿ ನೋಡುವ ಅವಕಾಶ ಒದಗಿತು. ಆ ಅನುಭವವನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ಚದುರಂಗ ಆಡದವರಿಗಾಗಿ ಒಂದೆರಡು ಮಾತು. ಆಟ ಶುರುವಾದಾಗ ಬಿಳಿಯವರಿಗೆ 20 ನಡೆಗಳು ಸಾಧ್ಯ, ಕಪ್ಪಿನವರಿಗೂ ಅಷ್ಟೇ. ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ ಹಲಗೆಯ ಮೇಲೆ 400 ಬೇರೆ ಬೇರೆ ಸ್ಥಿತಿಗಳು ಬರಬಹುದು. ಮುಂದೆ ಲೆಕ್ಕ ಕೈಗೆ ಸಿಗುವುದಿಲ್ಲ. ಅದಕ್ಕೇ ಆಟಗಾರರು ಹಿಂದಿನವರು ಆಡಿ, ಒರೆಗೆ ಹಚ್ಚಿ ಉಳಿಸಿಕೊಂಡ ಆರಂಭದ ಸಾಲುಗಳನ್ನು ಕಲಿತುಕೊಳ್ಳುತ್ತಾರೆ. ಇವಕ್ಕೆ ಓಪನಿಂಗ್ ಎನ್ನುತ್ತಾರೆ. ಮೊದಲೆಲ್ಲ ಇವನ್ನು ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಹಲಗೆಯ ಮೇಲೆ ಜೋಡಿಸಿ ಕಲಿಯಬೇಕಿತ್ತು. ಈಗ ಚೆಸ್ಸೇಬಲ್‌ನಂಥ ತಾಣಗಳಿವೆ. ಯಾವ ವಿಷಯಕ್ಕಾದರೂ ಒಗ್ಗುವ ಆಂಕಿ ಎಂಬ ಉಚಿತ ತಂತ್ರಾಂಶವೂ ಇದೆ. 2006ರಲ್ಲಿ ಬಂದ ಇದರ ಹೆಸರು ಜಪಾನಿ ಭಾಷೆಯದು, ಅರ್ಥ ಬಾಯಿಪಾಠ ಎಂದೇ!

ಈ ತಂತ್ರಾಂಶಗಳು ಮಾಡುವ ಕೆಲಸ ಸರಳ. ಪರದೆಯ ಮೇಲೆ ಒಂದು ಸ್ಥಿತಿ ತೋರಿಸಿ, ನಿನ್ನ ನಡೆ ಯಾವುದು ಎಂದು ಕೇಳುತ್ತವೆ. ಸರಿಯಾಗಿ ಆಡಿದರೆ ಅದೇ ಪ್ರಶ್ನೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತದೆ. ಆಗಲೂ ಸರಿಯಾದರೆ ಮರುದಿನ, ಆಮೇಲೆ ಮೂರು ದಿನ, ಒಂದು ವಾರ, ಎರಡು ವಾರ, ತಿಂಗಳು, ಹೀಗೆ ಅಂತರ ಹಿಗ್ಗುತ್ತದೆ. ತಪ್ಪಾದರೆ ಆ ಪ್ರಶ್ನೆ ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯುತ್ತದೆ. ಮರೆತುಹೋಗುವ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟುವುದು ಇದರ ಗುಟ್ಟು. ಬಿ.ಎಸ್ಸಿ. ಎರಡನೇ ವರ್ಷದಿಂದ ನಾನು ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ದಿನಕ್ಕೆ ಹದಿನೈದು ನಿಮಿಷ ಇದಕ್ಕೆ ಕೊಡುತ್ತ ಬಂದಿದ್ದೇನೆ.

ಇದರ ಹಿಂದಿನ ತತ್ವ ನಮ್ಮ ಶೈಕ್ಷಣಿಕ ಮನೋವಿಜ್ಞಾನದ ಪಠ್ಯದಲ್ಲೇ ಇದೆ. ಹರ್ಮನ್ ಎಬ್ಬಿಂಗ್‌ಹೌಸ್ ಸುಮಾರು 2300 ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಮಾಡಿಕೊಂಡು, ತಾನೇ ಕಲಿತು, ತಾನೇ ಮರೆತು, ತಾನೇ ಅಳೆದು 1885ರಲ್ಲಿ ಪುಸ್ತಕ ಬರೆದ. ಅವನು ಎಳೆದ ಮರೆವಿನ ರೇಖೆಯನ್ನು ನಾವು ಪರೀಕ್ಷೆಗಾಗಿ ಎಷ್ಟು ಸಲ ಬಿಡಿಸಿದ್ದೇವೋ! ಕಲಿತ ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ, ಆಮೇಲೆ ಸೋರಿಕೆ ನಿಧಾನವಾಗುತ್ತದೆ ಎಂಬುದು ಅದರ ಸಾರ. ಅದೇ ಪುಸ್ತಕದ ಇನ್ನೊಂದು ಅಂಶಕ್ಕೆ ನಾವು ಅಷ್ಟು ಗಮನ ಕೊಡುವುದಿಲ್ಲ. ಅವನು ಇಂಗ್ಲಿಷ್ ಕವಿ ಬೈರನ್ನನ ಪದ್ಯಗಳನ್ನೂ ಹೀಗೇ ಕಲಿತು ನೋಡಿದ. ಅರ್ಥವಿಲ್ಲದ ಅಕ್ಷರಗಳಿಗೆ ಬೇಕಾದ ಶ್ರಮದ ಸುಮಾರು ಹತ್ತನೇ ಒಂದು ಭಾಗದಲ್ಲೇ ಅರ್ಥವಿರುವ ಪದ್ಯ ನೆನಪಿಗೆ ಬಂತು. ಈ ಮಾತನ್ನು ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿಡಬೇಕು.

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ವಿಜ್ಞಾನ. ಆ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟದ ನಂತರ ಕೆಲವು ಮಕ್ಕಳು ಜಗಲಿಯ ಮೇಲೆ ಚದುರಂಗ ಆಡುತ್ತಿದ್ದರು. ಅವರಲ್ಲಿ ಒಬ್ಬ ಹುಡುಗ ಮೊದಲ ನಾಲ್ಕೈದು ನಡೆಗಳನ್ನು ಯೋಚಿಸದೆಯೇ ಪಟಪಟನೆ ಆಡುತ್ತಿದ್ದ. ಕಪ್ಪು ಕಾಯಿ ಹಿಡಿದಾಗಲೆಲ್ಲ ಅವನದು ಕ್ಯಾರೋ-ಕಾನ್. 1886ರ ಸುಮಾರಿಗೆ ಹೊರೇಷಿಯೋ ಕ್ಯಾರೋ ಮತ್ತು ಮಾರ್ಕಸ್ ಕಾನ್ ಎಂಬ ಇಬ್ಬರು ವಿಶ್ಲೇಷಿಸಿದ ಆರಂಭ ಅದು. ಹಳ್ಳಿಯ ಶಾಲೆಯ ಜಗಲಿಯಲ್ಲಿ ಅದನ್ನು ಕಂಡು ನನಗೆ ಆಶ್ಚರ್ಯವಾಯಿತು. ಕೇಳಿದರೆ, ಅಣ್ಣನ ಮೊಬೈಲಿನಲ್ಲಿ ಉಚಿತ ಆ್ಯಪ್ ಒಂದರಿಂದ ಕಲಿತದ್ದಂತೆ. ಅಣ್ಣ ಕೊಬ್ಬರಿ ಮಂಡಿಯ ಕೆಲಸದಿಂದ ಬಂದ ಮೇಲೆ ರಾತ್ರಿ ಅರ್ಧ ಗಂಟೆ ಮೊಬೈಲು ಇವನ ಕೈಗೆ ಸಿಗುತ್ತಿತ್ತು. ಅಷ್ಟರಲ್ಲೇ ನೂರಕ್ಕೂ ಹೆಚ್ಚು ನಡೆಗಳು ಅವನ ತಲೆಯಲ್ಲಿ ಕೂತಿದ್ದವು.

ಇದೇ ಹುಡುಗ ತರಗತಿಯಲ್ಲಿ ಕೊನೆಯ ಬೆಂಚು. ವಿಜ್ಞಾನದ 20 ಅಂಕದ ಕಿರುಪರೀಕ್ಷೆಯಲ್ಲಿ 4 ಅಂಕ. ಸಿಬ್ಬಂದಿ ಕೊಠಡಿಯಲ್ಲಿ ಹಿರಿಯ ಶಿಕ್ಷಕರೊಬ್ಬರು ನನಗೆ ಕಾಳಜಿಯಿಂದಲೇ ಹೇಳಿದರು: "ಅವನಿಗೆ ತಲೆಗೆ ಹತ್ತಲ್ಲ ಕಣಮ್ಮಾ. ಅವನಪ್ಪನೂ ಒಂಬತ್ತು ಮುಗಿದ ಮೇಲೆ ಮಂಡಿಗೆ ಹಾಕ್ತೀನಿ ಅಂತಿದ್ದಾನೆ. ನೀನು ಬೇರೆ ಮಕ್ಕಳ ಕಡೆ ನೋಡು." ಮುಂದಿನ ವರ್ಷ ಆ ಹುಡುಗ ಶಾಲೆಯಲ್ಲಿರುತ್ತಾನೋ ಇಲ್ಲವೋ ಎಂಬುದು ಹೀಗೆ ಹೆಚ್ಚುಕಡಿಮೆ ತೀರ್ಮಾನವಾಗಿಹೋಗಿತ್ತು. ನೂರು ನಡೆ ಹಿಡಿದಿಟ್ಟ ತಲೆಗೆ ಹತ್ತು ಧಾತುಗಳ ವೇಲೆನ್ಸಿ ಏಕೆ ಹತ್ತುವುದಿಲ್ಲ? ಇದು ನನ್ನನ್ನು ಬಿಡದ ಪ್ರಶ್ನೆಯಾಯಿತು.

ಮೊದಲ ಉತ್ತರ ಬೇಗನೆ ಹೊಳೆಯಿತು. ತಂತ್ರಾಂಶ ಅವನಿಗೆ ಹೇಳಿಕೊಡುತ್ತಿರಲಿಲ್ಲ, ಕೇಳುತ್ತಿತ್ತು. ನಾವು ತರಗತಿಯಲ್ಲಿ ಹೇಳುತ್ತೇವೆ, ಬರೆಸುತ್ತೇವೆ, ತಿಂಗಳಾದ ಮೇಲೆ ಪರೀಕ್ಷೆಯಲ್ಲಿ ಒಮ್ಮೆ ಕೇಳುತ್ತೇವೆ. ಅದು ಅವನೊಬ್ಬನನ್ನೇ ಕೇಳುತ್ತಿತ್ತು. ನಲವತ್ತು ಮಕ್ಕಳ ಮುಂದೆ ನಿಲ್ಲಿಸಿ ಕೇಳುತ್ತಿರಲಿಲ್ಲ. ತಪ್ಪಾದರೆ ನಗುವವರಿರಲಿಲ್ಲ, ಸರಿಯಾದ ನಡೆ ತೋರಿಸಿ ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತಿತ್ತು. ಪುನರ್ಬಲನ, ತಕ್ಷಣದ ಹಿಮ್ಮಾಹಿತಿ, ವೈಯಕ್ತಿಕ ವೇಗ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವ ಪದಗಳೆಲ್ಲ ಅಣ್ಣನ ಒಡೆದ ಗಾಜಿನ ಮೊಬೈಲಿನಲ್ಲಿ ಕೆಲಸ ಮಾಡುತ್ತಿದ್ದವು.

ಎರಡನೆಯ ಉತ್ತರ ಹಲಗೆಯ ಮೇಲೆ ಸಿಕ್ಕಿತು. ಒಂದು ಶನಿವಾರ ತರಗತಿ ಮುಗಿದ ಮೇಲೆ ಅವನೊಡನೆ ಆಡಲು ಕೂತೆ. ನಾನು ಬಿಳಿ. ನನ್ನದು ಇ4, ಅವನದು ಸಿ6. ನನ್ನದು ಡಿ4, ಅವನದು ಡಿ5. ನಾನು ಕಾಲಾಳನ್ನು ಇ5ಕ್ಕೆ ನೂಕಿದೆ, ಅವನು ಒಂಟೆಯನ್ನು ಎಫ್5ಕ್ಕೆ ತಂದ. ಎಲ್ಲವೂ ಪುಸ್ತಕದ ಪ್ರಕಾರವೇ. ಅವನು ಕಲಿತ ಸಾಲಿನಲ್ಲಿ ಈಗ ಬಿಳಿಯವರು ಕುದುರೆಯನ್ನು ಎಫ್3ಕ್ಕೆ ತರುತ್ತಾರೆ, ಕಪ್ಪಿನವರು ಇ6 ಆಡುತ್ತಾರೆ. ಅವನು ಎಷ್ಟು ಬಲ್ಲ ಎಂದು ನೋಡಲು ನಾನು ಬೇಕೆಂದೇ ಕುದುರೆ ಬಿಟ್ಟು ಎಚ್4 ಆಡಿದೆ. ಅವನು ತಡಮಾಡದೆ ಇ6 ಆಡಿದ. ನಾನು ಜಿ4 ನೂಕಿ ಒಂಟೆಯನ್ನು ಅಟ್ಟಿದೆ. ಅದು ಇ4ಕ್ಕೆ ಓಡಿತು, ಎಫ್3 ನೂಕಿದೆ. ಜಿ6ಕ್ಕೆ ಹಿಂದೆ ಸರಿಯಿತು, ಎಚ್5 ನೂಕಿದೆ. ಒಂಟೆಗೆ ಇನ್ನು ಬದುಕುವ ಮನೆಯಿಲ್ಲ, ಹೆಚ್ಚೆಂದರೆ ಒಂದು ಕಾಲಾಳನ್ನು ಹೊಡೆದು ಸಾಯಬಹುದು.

ಹುಡುಗ ಹಲಗೆಯನ್ನೇ ನೋಡುತ್ತ ಕೂತ. ಆಮೇಲೆ, "ಮಿಸ್, ನೀವು ಆಡಿದ್ದು ನನ್ನ ಲೈನ್‌ನಲ್ಲಿ ಇಲ್ಲ" ಎಂದ.

"ಇರಲಿ ಬಿಡು. ಮೂರನೇ ನಡೆಯಲ್ಲಿ ನಿನ್ನ ಒಂಟೆ ಎಫ್5ಕ್ಕೆ ಬಂತಲ್ಲ, ಯಾಕೆ ಬಂತು ಹೇಳು."

"ಅಲ್ಲಿಗೇ ಬರಬೇಕು ಮಿಸ್. ಬೇರೆ ಕಡೆ ಇಟ್ಟರೆ ಕೆಂಪು ಬರ್ತದೆ."

ಆ್ಯಪಿನಲ್ಲಿ ಪ್ರತಿ ನಡೆಯ ಕೆಳಗೂ ಕಾರಣ ಬರೆದಿರುತ್ತದೆಯಲ್ಲ ಎಂದು ಕೇಳಿದೆ. "ಅದು ಇಂಗ್ಲಿಷಲ್ಲಿ ಇರ್ತದೆ ಮಿಸ್. ನಾನು ನೆಕ್ಸ್ಟ್ ಒತ್ತಿಬಿಡ್ತೀನಿ" ಎಂದ.

ಈ ಒಂದು ವಾಕ್ಯ ಕೇಳಿ ನನಗೆ ಇಡೀ ಚಿತ್ರ ತಿಳಿಯಾಯಿತು. ನಡೆಗಳಿಗೆ ಭಾಷೆ ಬೇಡ, ಅವು ಅವನಿಗೆ ದಕ್ಕಿದವು. ಕಾರಣಗಳಿಗೆ ಭಾಷೆ ಬೇಕು, ಅವು ದಕ್ಕಲಿಲ್ಲ. ತಂತ್ರಾಂಶದೊಳಗೆ ತಿಳಿವಳಿಕೆ ಇರಲಿಲ್ಲ ಎನ್ನುವಂತಿಲ್ಲ, ಇತ್ತು. ಕನ್ನಡ ಮಾಧ್ಯಮದ ಹುಡುಗನ ಕೈಗೆ ಬರುವಷ್ಟರಲ್ಲಿ ಅದರ ಅರ್ಧ ಸೋರಿಹೋಗಿ ಬರೀ ಬಾಯಿಪಾಠ ಉಳಿದಿತ್ತು. ಎಬ್ಬಿಂಗ್‌ಹೌಸನ ಅರ್ಥವಿಲ್ಲದ ಅಕ್ಷರಗಳಂತೆ ಅವನು ಕ್ಯಾರೋ-ಕಾನನ್ನು ಕಲಿತಿದ್ದ. ಹತ್ತುಪಟ್ಟು ಶ್ರಮ ಹಾಕಿ ಕಲಿತಿದ್ದ ಹುಡುಗನನ್ನು ತಲೆಗೆ ಹತ್ತದವನು ಎನ್ನುವುದು ಹೇಗೆ?

ಅಂದು ಸಂಜೆ ಕನ್ನಡದಲ್ಲೇ ಕಾರಣ ಹೇಳಿದೆ. ಇ6 ಮೊದಲು ಆಡಿದರೆ ಆ ಕಾಲಾಳು ಬಾಗಿಲಿಗೆ ಅಡ್ಡ ಕೂತ ಹಾಗೆ, ಒಂಟೆ ಮನೆಯೊಳಗೇ ಉಳಿಯುತ್ತದೆ. ಅದಕ್ಕೇ ಒಂಟೆ ಮೊದಲು ಹೊರಬರಬೇಕು, ಬಾಗಿಲು ಆಮೇಲೆ ಹಾಕಬೇಕು. ಆದರೆ ಹೊರಬಂದ ಒಂಟೆಗೆ ತಿರುಗಿ ಓಡಲು ದಾರಿಯೂ ಬೇಕು. ಎಚ್4 ಬಂದಾಗ ಬಿಳಿಯವರ ಕಣ್ಣು ಒಂಟೆಯ ಮೇಲಿದೆ ಎಂದು ಅರ್ಥ. ಆಗ ಬಾಗಿಲು ಹಾಕಿದರೆ ಒಂಟೆ ಹೊರಗೇ ಸಿಕ್ಕಿಬೀಳುತ್ತದೆ. ಎಚ್5 ಆಡಿ ಆ ಜಿ4 ನೂಕುವಿಕೆಯನ್ನು ಮೊದಲು ತಡೆಯಬೇಕು. ಅವನು ಕೇಳಿಸಿಕೊಂಡು, "ಹಂಗಾದ್ರೆ ಇ6 ಯಾವಾಗ್ಲೂ ಸರಿ ಅಲ್ಲ, ಯಾವಾಗ ಅಂತ ನೋಡ್ಬೇಕು" ಎಂದ. ನಾನು ಪಾಠಯೋಜನೆಯಲ್ಲಿ 'ಅನ್ವಯ' ಎಂಬ ಉದ್ದಿಷ್ಟದ ಎದುರು ಬರೆಯುವ ಯಾವ ವಾಕ್ಯವೂ ಇದಕ್ಕಿಂತ ಸ್ಪಷ್ಟವಾಗಿರಲಿಲ್ಲ.

ಅವನ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಅಲ್ಲೂ ಇದೇ ಕಥೆ. ಮೆಗ್ನೀಸಿಯಂ ಕ್ಲೋರೈಡಿನ ಅಣುಸೂತ್ರದಲ್ಲಿ ಒಂದು ಮೆಗ್ನೀಸಿಯಂಗೆ ಒಂದೇ ಕ್ಲೋರಿನ್ ಬರೆದಿದ್ದ. ಸೋಡಿಯಂ ಕ್ಲೋರೈಡಿನ ಸೂತ್ರ ಅವನಿಗೆ ಬಾಯಿಗೆ ಬರುತ್ತಿತ್ತು, ಅದರ ಅಚ್ಚಿನಲ್ಲೇ ಇದನ್ನೂ ಹೊಯ್ದಿದ್ದ. ಎದುರಾಳಿ ಬೇರೆ ನಡೆ ಆಡಿದ್ದರೂ ತನ್ನ ಸಾಲಿನ ಮುಂದಿನ ನಡೆಯನ್ನೇ ಆಡಿದ ಹಾಗೆ.

ಮೊಬೈಲು ಎಲ್ಲ ಮಕ್ಕಳ ಮನೆಯಲ್ಲೂ ಸಿಗುವುದಿಲ್ಲ, ಶಾಲೆಗೆ ತರುವಂತೆಯೂ ಇಲ್ಲ. ಆದರೆ ತಂತ್ರಾಂಶದ ತತ್ವಕ್ಕೆ ಮೊಬೈಲೇ ಆಗಬೇಕೆಂದಿಲ್ಲ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1972ರ ತನ್ನ ಪುಸ್ತಕದಲ್ಲಿ ಕಾಗದದ ಚೀಟಿ ಮತ್ತು ಡಬ್ಬದಿಂದಲೇ ಈ ಕೆಲಸ ಮಾಡಿಸಿದ್ದಾನೆ. ನಾವು ಒಂದು ಚಪ್ಪಲಿ ಡಬ್ಬಕ್ಕೆ ರಟ್ಟು ಅಡ್ಡ ಇಟ್ಟು ಐದು ಖಾನೆ ಮಾಡಿದೆವು. ಮಕ್ಕಳು ಮನೆಯಿಂದ ಹಳೆಯ ಲಗ್ನಪತ್ರಿಕೆಗಳನ್ನು ತಂದರು, ಖಾಲಿ ಬದಿ ಸಿಗುವಂತೆ ಕತ್ತರಿಸಿದೆವು. ಮೊದಲ ಖಾನೆಯ ಚೀಟಿಗಳನ್ನು ದಿನವೂ ಕೇಳುವುದು, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ವಾರಕ್ಕೆರಡು ಸಲ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ಹದಿನೈದು ದಿನಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮೊದಲನೆಯದಕ್ಕೆ. ಮಕ್ಕಳು ಇಬ್ಬಿಬ್ಬರಾಗಿ ಕೂತು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಮುಂಚಿನ ಹತ್ತು ನಿಮಿಷ ಇದಕ್ಕೆ ಸಾಕಾಯಿತು.

ಜಗಲಿಯ ಆಟದಿಂದ ಕಲಿತ ಒಂದು ನಿಯಮವನ್ನು ಇದಕ್ಕೆ ಸೇರಿಸಿದೆವು. ಚೀಟಿಯ ಹಿಂದೆ ಉತ್ತರದ ಜೊತೆ 'ಏಕೆ' ಎಂಬುದಕ್ಕೂ ಒಂದು ಸಾಲು ಇರಬೇಕು, ಅದನ್ನು ಮಗು ತನ್ನ ಮಾತಿನಲ್ಲೇ ಬರೆಯಬೇಕು. ಮೆಗ್ನೀಸಿಯಂ ಚೀಟಿಯ ಹಿಂದೆ "2. ಹೊರಗಿನ ಸುತ್ತಿನಲ್ಲಿ ಎರಡು ಎಲೆಕ್ಟ್ರಾನ್ ಇದೆ, ಕೊಟ್ಟುಬಿಡುತ್ತದೆ." ಕ್ಲೋರಿನ್ನಿನ ಹಿಂದೆ "1. ಏಳು ಇದೆ, ಎಂಟಕ್ಕೆ ಒಂದು ಬೇಕು." ಪುಸ್ತಕದ ಭಾಷೆ ಅಲ್ಲ, ಆದರೆ ಅವರದೇ ಭಾಷೆ.

ಎಲ್ಲದಕ್ಕೂ ಹೀಗೆ 'ಏಕೆ' ಬರೆಯಲು ಆಗಲಿಲ್ಲ. ಸಲ್ಫೇಟಿನ ವೇಲೆನ್ಸಿ 2, ಫಾಸ್ಫೇಟಿನದು 3 ಎಂಬುದಕ್ಕೆ ಒಂಬತ್ತನೇ ತರಗತಿಯ ಮಟ್ಟದಲ್ಲಿ ಒಂದು ಸಾಲಿನ ಕಾರಣ ಕೊಡುವುದು ಕಷ್ಟ. ಧಾತುಗಳ ಸಂಕೇತಗಳೂ ಹಾಗೆಯೇ, ಒಪ್ಪಿಕೊಂಡು ನಡೆಯಬೇಕಾದವು. ಅಂಥವನ್ನು ಹಳದಿ ಚೀಟಿಯಲ್ಲಿ ಬರೆದೆವು. ಹಳದಿ ಎಂದರೆ ಸದ್ಯಕ್ಕೆ ಬಾಯಿಪಾಠ, ಕಾರಣ ಮುಂದಿನ ತರಗತಿಗಳಲ್ಲಿ. ಯಾವುದು ಕಾರಣದಿಂದ ಹುಟ್ಟುವ ನೆನಪು, ಯಾವುದು ಬರೀ ನೆನಪು ಎಂದು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಿದರೆ ಅವರು ಬಾಯಿಪಾಠಕ್ಕೆ ಬೇಸರಪಡುವುದಿಲ್ಲ ಎಂಬುದು ನನ್ನ ಅನುಭವ.

ಇನ್ನೊಂದು ಸುಧಾರಣೆ ಆ ಹುಡುಗನದೇ. ಲೋಹಗಳ ಚೀಟಿಗಳಿಂದ ಒಂದು, ಉಳಿದವುಗಳಿಂದ ಒಂದು ಕಣ್ಣುಮುಚ್ಚಿ ಎತ್ತಿ, ಆ ಜೋಡಿಗೆ ಸೂತ್ರ ಬರೆಯುವ ಆಟ ಕಟ್ಟಿದ. ಯಾವ ಜೋಡಿ ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಇದಕ್ಕೆ ಅವನು ಇಟ್ಟ ಹೆಸರು 'ಎದುರಾಳಿ ನಡೆ'. ಅಲ್ಯೂಮಿನಿಯಂ ಮತ್ತು ಆಕ್ಸಿಜನ್ ಬಂದ ದಿನ ಇಡೀ ಗುಂಪು ತಡವರಿಸಿತು. ಅವನು 3 ಮತ್ತು 2 ಎರಡಕ್ಕೂ ಸರಿಹೋಗಲು 6 ಆಗಬೇಕು, ಹಾಗಾಗಿ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಕೊನೆಯ ಬೆಂಚಿನವನ ಸುತ್ತ ಆ ದಿನ ಆರೇಳು ತಲೆಗಳು ಬಾಗಿದ್ದವು.

ನೆನಪು ಮತ್ತು ಅರ್ಥದ ಈ ನಂಟಿನ ಬಗ್ಗೆ ಚದುರಂಗದ್ದೇ ಒಂದು ಪ್ರಸಿದ್ಧ ಪ್ರಯೋಗವಿದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಸಂಶೋಧಕರು ನಿಜವಾದ ಪಂದ್ಯದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮತ್ತೆ ಜೋಡಿಸಲು ಹೇಳಿದರು. ನುರಿತ ಆಟಗಾರ ಹೊಸಬನಿಗಿಂತ ಬಹಳ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಟ್ಟ. ಅವೇ ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಇಲ್ಲವಾಯಿತು. ಅವನ ನೆನಪು ಹುಟ್ಟುಶಕ್ತಿಯಾಗಿರಲಿಲ್ಲ. ಕಾಯಿಗಳ ನಡುವಿನ ಸಂಬಂಧ ಬಲ್ಲವನಾದ್ದರಿಂದ ಅವನು ಒಂದೊಂದೇ ಕಾಯಿಯನ್ನಲ್ಲ, ಅರ್ಥವಿರುವ ಗುಂಪುಗಳನ್ನು ನೋಡುತ್ತಿದ್ದ. 'ಒಳ್ಳೆಯ ತಲೆ', 'ಹತ್ತದ ತಲೆ' ಎಂಬ ನಮ್ಮ ವಿಂಗಡಣೆಗೆ ಈ ಪ್ರಯೋಗವೊಂದೇ ಸಾಕಷ್ಟು ಉತ್ತರ.

ಫಲಿತಾಂಶವನ್ನು ದೊಡ್ಡದು ಮಾಡಿ ಹೇಳಲಾರೆ. ನಿಯಂತ್ರಿತ ಗುಂಪಿಲ್ಲದ, ಐದು ವಾರಗಳ ಪ್ರಯತ್ನ ಇದು. ಆ ಹುಡುಗನಿಗೆ ಮುಂದಿನ ಕಿರುಪರೀಕ್ಷೆಯಲ್ಲಿ 20ಕ್ಕೆ 11 ಬಂತು. ವೇಲೆನ್ಸಿ, ಅಣುಸೂತ್ರ ಚೆನ್ನಾಗಿ ಬರೆದಿದ್ದ, ಮೋಲ್ ಪರಿಕಲ್ಪನೆಯ ಲೆಕ್ಕಗಳನ್ನು ಮುಟ್ಟಿರಲಿಲ್ಲ. ಚೀಟಿಗಳು ಅಲ್ಲಿಗೆ ಕರೆದೊಯ್ಯುವುದಿಲ್ಲ, ಅದಕ್ಕೆ ಬೇರೆ ಪಾಠ ಬೇಕು. ತಾಲ್ಲೂಕು ಮಟ್ಟದ ಚದುರಂಗದಲ್ಲಿ ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸೋತ. ಎದುರಾಳಿ ಅವನಿಗೆ ಗೊತ್ತಿಲ್ಲದ ನಡೆ ಆಡಿದ್ದನಂತೆ. ಮರುದಿನ ಬಂದು ಆ ಇಡೀ ಪಂದ್ಯವನ್ನು ಮೊದಲ ನಡೆಯಿಂದ ಹಲಗೆಯ ಮೇಲೆ ಆಡಿ ತೋರಿಸಿ, "ಇಲ್ಲಿ ಅವನು ಯಾಕೆ ಹಿಂಗೆ ಆಡಿದ ಮಿಸ್?" ಎಂದು ಕೇಳಿದ. ಹಿಂದೆ 'ನನ್ನ ಲೈನ್‌ನಲ್ಲಿ ಇಲ್ಲ' ಎಂದು ನಿಲ್ಲುತ್ತಿದ್ದವನು ಈಗ 'ಯಾಕೆ' ಎಂದು ಮುಂದೆ ಹೋಗುತ್ತಿದ್ದ.

ಮುಂದೆ ಶಾಲೆಗಳಿಗೆ ಹೋಗಲಿರುವ ನಮಗೆ ತಂತ್ರಾಂಶಗಳ ಪರಿಚಯ ಬೇಕೇ ಬೇಕು. ದಣಿಯದೆ, ಗದರದೆ, ಸರಿಯಾದ ಹೊತ್ತಿಗೆ ಕೇಳುವ ಕೆಲಸದಲ್ಲಿ ಅವು ನಮಗಿಂತ ಮುಂದೆ. ಆದರೆ ಅವು ಹೇಳುವ ಕಾರಣ ಯಾವ ಭಾಷೆಯಲ್ಲಿದೆ, ನಮ್ಮ ಮಗು ಅದನ್ನು ಓದುತ್ತಿದೆಯೋ ನೆಕ್ಸ್ಟ್ ಒತ್ತುತ್ತಿದೆಯೋ ಎಂದು ನೋಡುವವರು ನಾವೇ. ಆ ಒಂದು ಸಾಲನ್ನು ಕನ್ನಡದಲ್ಲಿ, ಮಗುವಿಗೆ ಹತ್ತಿರದ ಮಾತಿನಲ್ಲಿ ಸೇರಿಸುವುದಕ್ಕೆ ಯಾವ ಸಲಕರಣೆಯೂ ಬೇಡ, ಪಕ್ಕದಲ್ಲಿ ಕೂರುವ ವ್ಯವಧಾನ ಸಾಕು.

ನಮ್ಮ ಅವಧಿ ಮುಗಿಯುವ ವಾರ ನಡೆದ ಪೋಷಕರ ಸಭೆಗೆ ಆ ಹುಡುಗನ ತಂದೆಯೂ ಬಂದಿದ್ದರು. ಉತ್ತರಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅಂಕದ ಬಗ್ಗೆ ಏನೂ ಕೇಳಲಿಲ್ಲ. "ಇವನು ರಾತ್ರಿ ತಂಗಿಗೆ ಏನೋ ಚೀಟಿ ತೋರಿಸಿ ಪಾಠ ಹೇಳ್ತಾನೆ ಮೇಡಂ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತನೇ ಕ್ಲಾಸು ಮುಗೀಲಿ. ಮಂಡಿ ಎಲ್ಲಿಗೆ ಓಡಿಹೋಗ್ತದೆ" ಎಂದು ಹೇಳಿ ಎದ್ದರು. ಚಪ್ಪಲಿ ಡಬ್ಬ ಈಗಲೂ ಆ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿದೆ. ಅದರಲ್ಲಿ ಹೊಸ ಚೀಟಿ ಸೇರಿಸುವ ಕೆಲಸ ತರಗತಿಯ ನಾಯಕಿಗೂ ಕೊನೆಯ ಬೆಂಚಿನ ಆ ಹುಡುಗನಿಗೂ ವಹಿಸಿ ಬಂದಿದ್ದೇವೆ.